ಹೊಸ ಪಂಪ್ ಕೋವಿ, ಮೊದಲ ದಿನದಿಂದಲೇ ತಕರಾರು

‘ಸರಿಯಾಗಿ ಎಳೀತಿಲ್ಲ ನೀನು. ಪೂರ್ತಿ ಹಿಂದಕ್ಕೆ ಎಳಿ.’

ಹೊಸ ಪಂಪ್ ಆ್ಯಕ್ಷನ್ ಕೋವಿ (ನಳಿಗೆಯ ಕೆಳಗಿನ ಹಿಡಿಯನ್ನು, ಅಂದರೆ ಪಂಪನ್ನು, ಕೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ತೋಟೆ ಬದಲಿಸುವಂಥದ್ದು) ಸಿಕ್ಕಿಹಾಕಿಕೊಂಡಾಗ ಶೂಟಿಂಗ್ ರೇಂಜಿನಲ್ಲಿ ಇದ್ದವರೆಲ್ಲ ನನಗೆ ಹೇಳಿದ್ದು ಇದೇ ಮಾತು. ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಪಂಪ್ ಕೋವಿ ಕೈಕೊಟ್ಟರೆ ಮೊದಲ ಅನುಮಾನ ಹಿಡಿದವನ ಕೈಮೇಲೇ ಬರುತ್ತದೆ. ಅರ್ಧ ಎಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟೆ ಹೊರಗೆ ಹಾರುವುದಿಲ್ಲ, ಹೊಸದು ಮೇಲೆ ಬರುವುದಿಲ್ಲ. ಆದರೆ ನನ್ನ ಪಂಪು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಅದು ಜಾಗ ಬಿಟ್ಟು ಅಲ್ಲಾಡುತ್ತಲೇ ಇರಲಿಲ್ಲ! ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಮಾರಿದವರಿಗೆ ಫೋನ್ ಮಾಡಿದೆ. ‘ಹೊಸದಲ್ವಾ ಸರ್, ಸ್ವಲ್ಪ ಟೈಟ್ ಇರುತ್ತೆ, ಬಳಸ್ತಾ ಬಳಸ್ತಾ ಸರಿಹೋಗುತ್ತೆ’ ಅಂದರು. ಹೊಸ ಚಪ್ಪಲಿಗಾದರೆ ಈ ಮಾತು ಒಪ್ಪಬಹುದು.

ಉತ್ತರ ಸಿಕ್ಕಿದ್ದು ಖಾಲಿ ತೋಟೆಯಲ್ಲಿ. ಕಷ್ಟಪಟ್ಟು ಹೊರಗೆ ತೆಗೆದ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಬುಡದ ಲೋಹದ ಅಂಚಿನಲ್ಲಿ, ಖಾಲಿ ತೋಟೆಯನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಹಿಡಿಯುವ ಜಾಗದಲ್ಲಿ, ಲೋಹ ಬಾಗಿ ಸಣ್ಣದೊಂದು ಹಲ್ಲಿನ ಗುರುತು ಬಿದ್ದಿತ್ತು. ಅಂದರೆ ಕೊಕ್ಕೆ ತನ್ನ ಕೆಲಸ ಮಾಡಿದೆ, ಗಟ್ಟಿಯಾಗಿ ಹಿಡಿದು ಎಳೆದಿದೆ. ತೋಟೆಯೇ ಬರಲು ಒಪ್ಪಿಲ್ಲ. ಬುಡದ ಸುತ್ತ ಉಗುರಿಗೆ ತಾಗುವಷ್ಟು ಸಣ್ಣ ಸಣ್ಣ ಉಂಗುರದ ಗೆರೆಗಳೂ ಇದ್ದವು. ಹೊಸ ತೋಟೆಯ ಬುಡ ನುಣ್ಣಗಿತ್ತು. ಹಾಗಾದರೆ ಆ ಗೆರೆ ಬಂದಿದ್ದು ಎಲ್ಲಿಂದ?

ಮನೆಗೆ ಬಂದು, ಕೋವಿ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡು ನಳಿಗೆ ಬಿಚ್ಚಿದೆ. ತೋಟೆ ಕೂರುವ ಚೇಂಬರಿನ ಒಳಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದೇ ಉಂಗುರಗಳು. ಕಾರ್ಖಾನೆಯಲ್ಲಿ ಚೇಂಬರ್ ಕೊರೆದ ಉಳಿಯ ಗುರುತು ಹಾಗೇ ಉಳಿದಿತ್ತು. ಕೊನೆಗೆ ಕೊಡಬೇಕಾದ ಪಾಲಿಶ್ ಕೊಟ್ಟೇ ಇರಲಿಲ್ಲ.

ಇದರಿಂದ ಯಾಕೆ ತೊಂದರೆ ಅಂದರೆ, 12 ಬೋರ್ (ನಳಿಗೆಯ ಒಳಅಳತೆ) ತೋಟೆ ಸಿಡಿದಾಗ ಒಳಗಿನ ಒತ್ತಡ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹತ್ತಿರದವರೆಗೂ ಹೋಗಬಹುದು. ಆ ಒತ್ತಡಕ್ಕೆ ಬುಡ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಹಿತ್ತಾಳೆಯ ಬುಡ ಚೆನ್ನಾಗಿ ಕುಗ್ಗಿ ಸಡಿಲ ಆಗುತ್ತದೆ. ಅಗ್ಗದ ತೋಟೆಗಳಲ್ಲಿ ಜಾಸ್ತಿ ಇರುವುದು ಹಿತ್ತಾಳೆ ಬಣ್ಣದ ಲೇಪ ಕೊಟ್ಟ ಉಕ್ಕು. ಅದು ಅಷ್ಟು ಕುಗ್ಗುವುದಿಲ್ಲ. ಗೆರೆ ಬಿದ್ದ ಚೇಂಬರಿನೊಳಗೆ ಉಕ್ಕಿನ ಬುಡ ಹಿಗ್ಗಿ ಕೂತರೆ ಮುಗೀತು. ಸೆಮಿ ಆಟೊಮ್ಯಾಟಿಕ್ ಆಗಿದ್ದರೆ ಎಳೆಯುವ ಕೆಲಸ ಗ್ಯಾಸೋ ಒದೆತವೋ ಮಾಡುತ್ತದೆ. ಪಂಪಿನಲ್ಲಿ ಎಳೆಯುವುದು ನಮ್ಮ ಎಡಗೈ ಮಾತ್ರ.

ಇದನ್ನು ಖಚಿತ ಮಾಡಿಕೊಳ್ಳೋದು ಸುಲಭ. ತೋಟೆಯ ಬುಡಕ್ಕೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಹಿತ್ತಾಳೆ. ನನ್ನ ಹತ್ತಿರ ಇದ್ದ ಡಬ್ಬಿ ಪೂರ್ತಿ ಅಂಟಿತು. ಸ್ನೇಹಿತರೊಬ್ಬರ ಹಿತ್ತಾಳೆ ಬುಡದ ತೋಟೆ ತಂದು ಅದೇ ಕೋವಿಯಲ್ಲಿ ಹೊಡೆದೆ. ಸರಾಗವಾಗಿ ಹೊರಗೆ ಹಾರಿದವು. ಆಮೇಲೆ ಕೈಯ ಬಗ್ಗೆ ಯಾರೂ ಮಾತಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಳ್ಳೆ ತೋಟೆಯಲ್ಲೂ ಆಗೊಮ್ಮೆ ಈಗೊಮ್ಮೆ ಪಂಪ್ ಕಚ್ಚಿಕೊಳ್ಳುತ್ತಿತ್ತು. ಹೊರಗಿನಿಂದ ನೋಡಿದರೆ ಅದೇ ಕಾಯಿಲೆ. ಕೆಳಗಿನಿಂದ ಇಣುಕಿದರೆ ಮಾತ್ರ ಬೇರೆ ಕಥೆ: ಬೋಲ್ಟ್ (ಚೇಂಬರಿನ ಹಿಂಬದಿ ಮುಚ್ಚುವ ಲೋಹದ ತುಂಡು) ಮುಂದೆ ಮುಚ್ಚಿರುವಾಗಲೇ ಮ್ಯಾಗಜಿನ್ನಿನ (ಉಳಿದ ತೋಟೆ ತುಂಬಿಡುವ ಕೊಳವೆ) ತೋಟೆಯೊಂದು ಜಾರಿ ಬಂದು ಬೋಲ್ಟಿನ ಅಡಿಯಲ್ಲಿ ಮಲಗಿತ್ತು. ಅದು ಅಲ್ಲಿದ್ದರೆ ಪಂಪ್ ಹಿಂದೆ ಬರೋದಾದರೂ ಹೇಗೆ?

ಮ್ಯಾಗಜಿನ್ ಕೊಳವೆಯ ಬಾಯಲ್ಲಿ ಎರಡು ಪಕ್ಕದಲ್ಲೂ ಶೆಲ್ ಸ್ಟಾಪ್ ಅನ್ನುವ ಪಟ್ಟಿಗಳಿರುತ್ತವೆ. ಸರದಿ ಬಂದಾಗ ಒಂದೇ ಒಂದು ತೋಟೆಯನ್ನು ಬಿಡೋದು, ಉಳಿದದ್ದನ್ನು ತಡೆಯೋದು ಅವುಗಳ ಕೆಲಸ. ಕೋವಿ ಹಿಂದಕ್ಕೆ ಒದ್ದಾಗ ಮ್ಯಾಗಜಿನ್ನಿನ ತೋಟೆಗಳು ಇದ್ದಲ್ಲೇ ಇರಲು ನೋಡುತ್ತವೆ, ಸ್ಪ್ರಿಂಗ್ ಅದುಮಿಹೋಗುತ್ತದೆ, ಮರುಕ್ಷಣ ಅದೇ ಸ್ಪ್ರಿಂಗ್ ಅವನ್ನು ತಂದು ಸ್ಟಾಪಿಗೆ ಬಡಿಯುತ್ತದೆ. ನನ್ನ ಕೋವಿಯ ಒಂದು ಸ್ಟಾಪಿನ ತುದಿ ಚೌಕವಾಗಿ ಇರಬೇಕಾದದ್ದು ಉರುಟಾಗಿತ್ತು. ಬಡಿತ ಜೋರಾದಾಗ ತೋಟೆಯ ಅಂಚು ಅದರ ಮೇಲೆ ಹತ್ತಿ ಜಾರಿಬಿಡುತ್ತಿತ್ತು. ಡಮ್ಮಿ ತೋಟೆ ಹಾಕಿ ಮೇಜಿನ ಮೇಲೆ ಪಂಪ್ ಮಾಡಿದರೆ ಈ ತೊಂದರೆ ಕಾಣಿಸೋದೇ ಇಲ್ಲ, ಯಾಕೆಂದರೆ ಅಲ್ಲಿ ಒದೆತ ಇಲ್ಲ. ಅದಕ್ಕೇ ಮಾರಿದವರ ಪರೀಕ್ಷೆಯಲ್ಲಿ ಕೋವಿ ‘ಓಕೆ’ ಆಗಿದ್ದು.

ಈ ಎರಡು ತೊಂದರೆಗೂ ಬಿಡಿಸುವ ರೀತಿ ಬೇರೆ. ಖಾಲಿ ತೋಟೆ ಅಂಟಿದ್ದರೆ ಕೆಲವರು ಪಂಪ್ ಹಿಡಿದುಕೊಂಡು ಕೋವಿಯ ಹಿಂಭಾಗವನ್ನು ನೆಲಕ್ಕೆ ಕುಟ್ಟುತ್ತಾರೆ. ಕೆಲಸ ಆಗುತ್ತದೆ, ಮುಖ ನಳಿಗೆಯಿಂದ ದೂರ ಇರಬೇಕು ಅಷ್ಟೇ. ಆದರೆ ಬೋಲ್ಟಿನಡಿ ಮಲಗಿರೋದು ಹೊಡೆಯದ ತೋಟೆ. ಅಲ್ಲಿ ಕುಟ್ಟಲೇಬಾರದು. ನಾನಂತೂ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ರೇಂಜಿನವರನ್ನು ಕರೆಯುತ್ತೇನೆ.

ಒಂದು ಮಾತು ಹೇಳಲೇಬೇಕು. ಪಂಪ್ ಕೋವಿಯ ವಿನ್ಯಾಸದ ಮೇಲೆ ನನಗೆ ಸಿಟ್ಟಿಲ್ಲ. ಅಮೆರಿಕದ ಪಂಪ್ ಕೋವಿ ರೆಮಿಂಗ್ಟನ್ 870 ಬಂದಿದ್ದು 1950ರಲ್ಲಿ, ಒಂದು ಕೋಟಿಗೂ ಜಾಸ್ತಿ ತಯಾರಾಗಿದೆ. ನನ್ನದು ಅದಲ್ಲ, ಆದರೂ ಒಳಗಿನ ಲೆಕ್ಕಾಚಾರ ಹೆಚ್ಚುಕಮ್ಮಿ ಅದೇ. ಕೊನೆಗೆ ಅರ ಹಾಕುವುದು, ಪಾಲಿಶ್, ಒಬ್ಬರ ಕಣ್ಣಿನ ತಪಾಸಣೆ, ಇವುಗಳ ಖರ್ಚು ಉಳಿಸಲು ಹೋದರೆ ಯಾವ ಒಳ್ಳೆ ವಿನ್ಯಾಸವಾದರೂ ಏನು ಮಾಡೀತು?

ಚೇಂಬರನ್ನು ನಾನೇ ಡ್ರಿಲ್ ಹಾಕಿ ಉಜ್ಜಿಬಿಡಬಹುದಿತ್ತು. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಮ್ಮೆ ಜಾಸ್ತಿ ತೆಗೆದ ಲೋಹವನ್ನು ಮತ್ತೆ ಹಾಕಲು ಬರುವುದಿಲ್ಲ, ವಾರಂಟಿಯೂ ಹೋಗುತ್ತದೆ. ಹಲ್ಲಿನ ಗುರುತು ಬಿದ್ದ ಖಾಲಿ ತೋಟೆಗಳನ್ನೂ ಟಾರ್ಚ್ ಬೆಳಕಿನ ಫೋಟೊಗಳನ್ನೂ ಜೊತೆಗಿಟ್ಟು ಮಾರಿದವರಿಗೇ ಕೋವಿ ಕಳಿಸಿದೆ. ಈ ಸಲ ‘ಬಳಸ್ತಾ ಸರಿಹೋಗುತ್ತೆ’ ಅನ್ನಲಿಲ್ಲ. ಚೇಂಬರ್ ಪಾಲಿಶ್ ಆಗಿ ಬಂದಿದೆ, ಈಗ ಉಕ್ಕಿನ ಬುಡವೂ ಹೊರಗೆ ಬರುತ್ತದೆ.

ಶೆಲ್ ಸ್ಟಾಪ್ ಮಾತ್ರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಮ್ಯಾಗಜಿನ್ ಖಾಲಿ ಬಿಟ್ಟು, ಒಂದೊಂದೇ ತೋಟೆಯನ್ನು ನೇರ ಚೇಂಬರಿಗೆ ಹಾಕಿ ಹೊಡೆಯುತ್ತಿದ್ದೇನೆ.