ರಜೆ ಹಾಕಿ ಗಾಜು ಉಜ್ಜಿದ ವರ್ಷ

ಹೋದ ವರ್ಷ ಕುತ್ತಿಗೆ ಪಕ್ಕ ಒಂದು ಗಂಟು ಕಾಣಿಸ್ಕೊಂಡಿತ್ತು, ನೋವಿಲ್ಲ ಏನಿಲ್ಲ, ಹಾಗಾಗಿ ನಾನೂ ಎರಡು ತಿಂಗಳು ತಲೆ ಕೆಡಿಸ್ಕೊಂಡಿರ್ಲಿಲ್ಲ. ಬಯಾಪ್ಸಿ ಆದ್ಮೇಲೆ ಗೊತ್ತಾಯ್ತು, ಹಾಡ್ಜ್‌ಕಿನ್ ಲಿಂಫೋಮಾ, ದುಗ್ಧರಸ ಗ್ರಂಥಿಗಳಿಗೆ ಬರೋ ಒಂದು ಕ್ಯಾನ್ಸರ್, ಮೂರನೇ ಸ್ಟೇಜ್. "ಕ್ಯಾನ್ಸರ್‌ಗಳಲ್ಲಿ ಇದು ಚೆನ್ನಾಗಿ ವಾಸಿಯಾಗೋ ಜಾತಿ ಕಣ್ರೀ" ಅಂದ್ರು ಡಾಕ್ಟರು. ಕ್ಯಾನ್ಸರಲ್ಲೂ ಒಳ್ಳೇ ಜಾತಿ ಅಂತ ಇರತ್ತೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು.

ಮೊದಲು ಕೆಲಸಕ್ಕೆ ರಾಜೀನಾಮೆ ಬಿಸಾಕೋಣ ಅಂತಿದ್ದೆ. ಅಕ್ಕ ಬೈದ್ಲು, "ತಲೆ ಕೆಟ್ಟಿದ್ಯೇನೋ, ಇನ್ಶೂರೆನ್ಸ್ ಕಂಪನೀದು, ಬಿಟ್ರೆ ಅದೂ ಹೋಗತ್ತೆ, ಸುಮ್ನೆ ರಜೆ ಕೇಳು" ಅಂತ. ಸಂಬಳ ಇಲ್ದೆ ಒಂದು ವರ್ಷ ರಜೆ ಸಿಕ್ತು. ಮ್ಯಾನೇಜರ್ ತುಂಬಾ ಮೆತ್ತಗೆ ಮಾತಾಡಿ "ಆಫೀಸ್ ಮರ್ತುಬಿಡಿ, ಆರಾಮಾಗಿರಿ" ಅಂದವ್ರು ಮೂರನೇ ದಿನಕ್ಕೆ ಒಂದು ಫೈಲಿನ ಪಾಸ್‌ವರ್ಡ್ ಕೇಳಿ ಮೆಸೇಜ್ ಹಾಕಿದ್ರು, ಇರ್ಲಿ ಬಿಡಿ.

ಒಂದು ವರ್ಷ ಖಾಲಿ ಟೈಮ್ ಅಂದಾಗ ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಪಟ್ಟಿ ಬರೆದಿದ್ದು. ಅರ್ಧಕ್ಕೆ ನಿಂತಿರೋ ಕಥೆಗಳು, ನಾಲ್ಕು ವರ್ಷದಿಂದ ಮಾಡ್ತೀನಿ ಮಾಡ್ತೀನಿ ಅಂತಿದ್ದ ಒಂದು ಆಪ್, ಕೀಬೋರ್ಡ್ ಕಲಿಯೋದು, ಆಮೇಲೆ ಕೈಯಾರೆ ಕನ್ನಡಿ ಉಜ್ಜಿ ಟೆಲಿಸ್ಕೋಪ್ ಮಾಡೋದು. ನಂಗೆ ಕೊಟ್ಟ ಕೀಮೋ ಎಬಿವಿಡಿ, ನಾಲ್ಕು ಔಷಧಿ, ಹದಿನಾಲ್ಕು ದಿನಕ್ಕೊಂದ್ಸಲ, ಒಟ್ಟು 12 ಸಲ, ಅಂದ್ರೆ ಹತ್ತತ್ರ ಆರು ತಿಂಗಳು. ಅದ್ರಲ್ಲಿ ಡಾಕ್ಸೊರುಬಿಸಿನ್ ಕೆಂಪಗೆ ಶರಬತ್ತಿನ ಥರ ಇರತ್ತೆ, ಮೂತ್ರಾನೂ ಕೆಂಪಗಾಗತ್ತೆ, ಮೊದಲೇ ಯಾರಾದ್ರೂ ಹೇಳಿಲ್ಲ ಅಂದ್ರೆ ಬಾತ್‌ರೂಮಲ್ಲೇ ಪ್ರಾಣ ಹೋಗತ್ತೆ. ವಾಂತಿ ಬರ್ದೇ ಇರ್ಲಿ ಅಂತ ಕೊಡೋ ಸ್ಟಿರಾಯ್ಡಿಂದ ಎರಡು ರಾತ್ರಿ ನಿದ್ದೆ ಇಲ್ಲ, ಆಮೇಲೆ ಮೂರು ದಿನ ಹಾಸಿಗೇಲಿ ಬಟ್ಟೆ ಥರ ಬಿದ್ದಿರೋದು. ಆರನೇ ದಿನ ಎದ್ದು ಮನುಷ್ಯ ಆದೆ ಅನ್ನೋ ಹೊತ್ತಿಗೆ ಬಿಳಿ ರಕ್ತಕಣ ಕೆಳಗಿಳಿದಿರತ್ತೆ, ಯಾರ ಹತ್ರಾನೂ ಹೋಗ್ಬೇಡಿ ಅಂತಾರೆ. ಉಳಿಯೋದು ಎಂಟೋ ಒಂಬತ್ತೋ ದಿನ, ಅದ್ರಲ್ಲೂ ದಿನಕ್ಕೆ ಎರಡು ಗಂಟೆ ಮೈ ಮಾತು ಕೇಳಿದ್ರೆ ಪುಣ್ಯ.

ಕಥೆ ಬರೆಯೋಕೆ ಕೂತೆ. ಒಂದು ಪ್ಯಾರಾ ಬರೆದು ಮುಂದಿನದಕ್ಕೆ ಹೋಗೋಷ್ಟರಲ್ಲಿ ಪಾತ್ರದ ಹೆಸರೇ ಮರ್ತು ಹೋಗ್ತಿತ್ತು. ಆಪ್ ಕಥೇನೂ ಅಷ್ಟೇ, ನಾನೇ ಬರೆದ ಕೋಡ್ ನಂಗೇ ಬೇರೆ ಯಾರೋ ಬರೆದ ಹಾಗೆ ಕಾಣ್ತಿತ್ತು. ಕೀಮೋ ಬ್ರೇನ್ ಅಂತಾರೆ ಇದಕ್ಕೆ, ತಲೆ ಒಳಗೆ ಮಂಜು ಮುಸುಕಿದ ಹಾಗೆ. ರಜೆ ಸಿಕ್ಕಿದ್ದೇ ತಡ ಕಾದಂಬರಿ ಬರೀತೀನಿ ಅಂತ ಹೊರಡೋರಿಗೆ ಇದನ್ನ ಯಾರೂ ಹೇಳಲ್ಲ. ಕೊನೆಗೆ ನಂಗೆ ಹೊಂದಿದ್ದು ಒಂದೇ, ಆ ಕನ್ನಡಿ, ಯಾಕಂದ್ರೆ ಅದ್ರಲ್ಲಿ ಏನೂ ನೆನಪಿಟ್ಕೊಳ್ಳೋ ಹಾಗಿಲ್ಲ. ಎಲ್ಲಿ ಬಿಟ್ಟಿದ್ದೆ ಅಂತ ಗಾಜೇ ತೋರಿಸತ್ತೆ.

ಕೆಲಸ ಇಷ್ಟೇ. ಆರು ಇಂಚಿನ ಎರಡು ದಪ್ಪ ಗಾಜಿನ ಬಿಲ್ಲೆ, ಒಂದು ಕೆಳಗೆ ಒಂದು ಮೇಲೆ, ಮಧ್ಯೆ ಕಾರ್ಬೊರಂಡಮ್ ಪುಡಿ, ನೀರು. ಮೇಲಿನದನ್ನ ಹಿಂದೆ ಮುಂದೆ ಉಜ್ಜು, ಕೊಂಚ ತಿರುಗಿಸು, ನೀನೊಂದು ಹೆಜ್ಜೆ ಪಕ್ಕಕ್ಕೆ ಸರಿ, ಮತ್ತೆ ಉಜ್ಜು. ಮೇಲಿನದು ತಾನಾಗೇ ತಗ್ಗಾಗತ್ತೆ, ಕೆಳಗಿನದು ಉಬ್ಬತ್ತೆ. ಪುಡಿ ಹೊಸದಿರುವಾಗ ಕರಕರ ಅಂತ ಹಲ್ಲು ಜುಮ್ ಅನ್ನಿಸೋ ಶಬ್ದ, ಸವೆದ ಮೇಲೆ ಸೊರಸೊರ, ಆಗ ಹೊಸ ಪುಡಿ ಹಾಕು. 48 ಇಂಚು ಫೋಕಲ್ ಲೆಂಥ್ ಬೇಕಂದ್ರೆ, ಅಂದ್ರೆ ನಕ್ಷತ್ರದ ಬೆಳಕು ಕನ್ನಡಿಯಿಂದ ಅಷ್ಟು ದೂರದಲ್ಲಿ ಒಂದೆಡೆ ಸೇರಬೇಕಂದ್ರೆ, ಮಧ್ಯದಲ್ಲಿ ತಗ್ಗು ಎಷ್ಟು ಗೊತ್ತಾ, ಬರೀ 1.2 ಮಿಲಿಮೀಟರ್! ಅಷ್ಟಕ್ಕೆ ನಂಗೆ ಮೂರು ಕೀಮೋ ಹಿಡೀತು. ದಿನ ಲೆಕ್ಕ ಹಾಕೋದೇ ಬಿಟ್ಟುಹೋಗಿತ್ತು, ಎಲ್ಲಾ ಕೀಮೋ ಲೆಕ್ಕ.

ಡಾಕ್ಟರಿಗೆ ಹೇಳೋಕೆ ಭಯ ಇತ್ತು, ಗಾಜು, ಪುಡಿ, ಅಂತ. ಅವ್ರು ಪೂರ್ತಿ ಕೇಳಿಸ್ಕೊಂಡು "ಗ್ಲೌಸ್ ಹಾಕ್ಕೊಳ್ಳಿ, ಪುಡಿ ಒಣಗೋಕೆ ಬಿಡಬೇಡಿ, ರಕ್ತದ ಕೌಂಟ್ಸ್ ತೀರಾ ಕಮ್ಮಿ ಇದ್ದಾಗ ಮುಟ್ಟಬೇಡಿ" ಅಂದ್ರು. ಕೀಮೋದ ನಾಲ್ಕು ಔಷಧೀಲಿ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಪೆಟ್ಟು ಕೊಡೋ ಅಂಥದ್ದು, ಅದಕ್ಕೇ ಧೂಳಿನ ಹೆದ್ರಿಕೆ. ಎರಡು ಸೈಕಲ್, ಅಂದ್ರೆ ನಾಲ್ಕು ಕೀಮೋ, ಆದ್ಮೇಲೆ ಪೆಟ್ ಸ್ಕ್ಯಾನ್ ಚೆನ್ನಾಗಿ ಬಂತು, ಬ್ಲಿಯೋಮೈಸಿನ್ ಒಂದನ್ನ ನಿಲ್ಲಿಸಿದ್ರು. ಆ ರಿಪೋರ್ಟಿಗೆ ಕಾದ ಎರಡು ದಿನ ಎಷ್ಟು ಉಜ್ಜಿದ್ದೀನೋ ನಂಗೇ ಗೊತ್ತಿಲ್ಲ.

ಬೆರಳಿಗೆ ಮಾತ್ರ ಬೇರೇನೇ ಆಯ್ತು. ವಿನ್‌ಬ್ಲಾಸ್ಟಿನ್ ಅನ್ನೋದು ಆ ನಾಲ್ಕರಲ್ಲಿ ಇನ್ನೊಂದು, ನಿತ್ಯಪುಷ್ಪ, ಕೆಲವ್ರು ಕಾಶಿ ಕಣಗಿಲೆ ಅಂತಾರಲ್ಲ, ಆ ಗಿಡದಿಂದ ಬಂದ ಔಷಧಿ. 1958ರಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಅನ್ನೋರು ಬೇರ್ಪಡಿಸಿದ್ದು, ಅವ್ರು ಹುಡುಕ್ತಿದ್ದಿದ್ದು ಸಕ್ಕರೆ ಕಾಯಿಲೆಗೆ ಮದ್ದು. ಆ ಹೂವಿನ ಪುಣ್ಯದಿಂದ ಗಂಟು ಕರಗಿತು, ಬೆರಳ ತುದಿ ಮರಗಟ್ಟಿತು. ಎಂಟನೇ ಕೀಮೋ ಹೊತ್ತಿಗೆ ಅಂಗಿ ಗುಂಡಿ ಹಾಕೋಕೆ ಅಮ್ಮ ಬೇಕಾಗ್ತಿದ್ರು. ಉಜ್ಜೋಕೆ ಅಂಗೈ ಸಾಕಾಗತ್ತೆ, ಅದೊಂದು ಬಚಾವು.

ಕೀಮೋ ಮುಗಿದು ನಾಲ್ಕು ತಿಂಗಳಾಯ್ತು. ಈಗ ಸೀರಿಯಂ ಆಕ್ಸೈಡ್ ಹಾಕಿ ಪಾಲಿಶ್ ನಡೀತಿದೆ. ಪರೀಕ್ಷೆಗೆ ಕತ್ತಲೆ ರೂಮಲ್ಲಿ ಕನ್ನಡಿ ನಿಲ್ಲಿಸಿ, ಎಂಟು ಅಡಿ ದೂರದಲ್ಲಿ ಸಣ್ಣ ಲೈಟು, ಒಂದು ಬ್ಲೇಡು, ಬ್ಲೇಡಿನ ಅಂಚಲ್ಲಿ ಕಣ್ಣಿಟ್ಟು ನೋಡಿದ್ರೆ ಕನ್ನಡಿ ಮೇಲಿನ ಏರು ತಗ್ಗೆಲ್ಲಾ ನೆರಳಾಗಿ ಕಾಣತ್ತೆ. ಫುಕೋ ಅನ್ನೋ ವಿಜ್ಞಾನಿ 1850ರ ದಶಕದಲ್ಲಿ ಹೊಳೆಸಿದ ಉಪಾಯ. ನನ್ನದ್ರಲ್ಲಿ ಅಂಚು ಇಳಿದುಬಿಟ್ಟಿದೆ, ಅವಸರ ಪಟ್ಟಿದ್ದಕ್ಕೆ, ಸರಿ ಮಾಡೋಕೆ ಇನ್ನೂ ವಾರಗಟ್ಟಲೆ ಬೇಕು. ರಜೆ ಉಳಿದಿರೋದು ಎರಡೇ ತಿಂಗಳು, ಮುಂದಿನ ಸ್ಕ್ಯಾನೂ ಅದ್ರೊಳಗೇ ಬರತ್ತೆ.

ಮೊನ್ನೆ ರಾತ್ರಿ ಅಕ್ಕನ್ನ ಬ್ಲೇಡಿನ ಹತ್ರ ಕೂರಿಸಿ, ನಾನು ಹೋಗಿ ಕನ್ನಡಿ ಮೇಲೆ ಹೆಬ್ಬೆರಳು ಒಂದು ನಿಮಿಷ ಒತ್ತಿ ತೆಗೆದೆ. ಗಾಜು ತಣ್ಣಗಿದ್ಯೋ ಬಿಸಿಯೋ ಆ ಬೆರಳಿಗೆ ಈಗ್ಲೂ ಸರಿಯಾಗಿ ಗೊತ್ತಾಗಲ್ಲ.

"ಅಯ್ಯೋ ಏನೋ ಇದು, ಗುಡ್ಡ ಎದ್ದಿದ್ಯಲ್ಲೋ" ಅಂದ್ಲು.

ಬೆರಳಿನ ಬಿಸಿಗೆ ಗಾಜು ಉಬ್ಬಿದ್ದು. ನಾನು ವಾಪಸ್ ಬಂದು ಅವಳ ಪಕ್ಕ ಕೂತೆ, ಇಬ್ರೂ ಒಬ್ಬರಾದ್ಮೇಲೆ ಒಬ್ಬರು ಕಣ್ಣಿಟ್ಟು ಅದು ಪೂರ್ತಿ ಇಳಿಯೋವರೆಗೂ ನೋಡ್ತಿದ್ವಿ.