ನನ್ನ ಟೈಮರ್‌ನ ಬಣ್ಣ, ಅಕ್ಷರ ಮತ್ತು ಹತ್ತು ಸಾವಿರದ ಮಿತಿ

ಶನಿವಾರ

ವಿಂಡೋಸ್‌ಗಾಗಿ ಸಿ++ನಲ್ಲಿ ಬರೆಯುತ್ತಿರುವ ಟೈಮರ್‌ಗೆ ಕೊನೆಗೂ ಬಣ್ಣ ಬಂತು. ಕಡುನೀಲಿ ಹಿನ್ನೆಲೆ, ಮೇಲೆ ಹಳದಿ ಅಂಕಿಗಳು. ಅಂಕಿ ತೋರಿಸುವ ಲೇಬಲ್ ಪರದೆಯ ಮೇಲೆ ಮೂಡುವ ಮುನ್ನ ತಾನಿರುವ ವಿಂಡೋಗೆ, ಅಂದರೆ ಡೈಲಾಗ್‌ಗೆ, ಕಳುಹಿಸುವ ಡಬ್ಲ್ಯುಎಂ_ಸಿಟಿಎಲ್‌ಕಲರ್‌ಸ್ಟ್ಯಾಟಿಕ್ ಸಂದೇಶಕ್ಕೆ ಉತ್ತರವಾಗಿ ಹಿನ್ನೆಲೆಗೆ ಬಣ್ಣ ತುಂಬುವ ಒಂದು ಬ್ರಷ್ ಕೊಡಬೇಕು. ಕ್ರಿಯೇಟ್‌ಸಾಲಿಡ್‌ಬ್ರಷ್ ಕರೆದು, ಬಂದದ್ದನ್ನು ಹಾಗೆಯೇ ಹಿಂದಿರುಗಿಸಿದೆ. ನೋಡಲು ಬಹಳ ಚೆನ್ನಾಗಿತ್ತು.

ಭಾನುವಾರ

ಬೆಳಿಗ್ಗೆ ತೆರೆದಿಟ್ಟ ಟೈಮರ್ ಮಧ್ಯಾಹ್ನದ ಹೊತ್ತಿಗೆ ಕೆಟ್ಟಿತ್ತು. ನೀಲಿ ಹೋಗಿ ಲೇಬಲ್‌ಗೆ ಮಾಮೂಲಿ ಬೂದು ಬಣ್ಣ ಬಂದಿತ್ತು. ಮೆನು ತೆರೆದರೆ ಅರ್ಧ ಮಾತ್ರ ಮೂಡುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನ ವಿವರಗಳ ಪುಟದಲ್ಲಿ, ಬ್ರಷ್, ಫಾಂಟ್‌ಗಳಂಥ ಚಿತ್ರಿಸುವ ವಸ್ತುಗಳನ್ನು ಎಣಿಸುವ ಜಿಡಿಐ ಆಬ್ಜೆಕ್ಟ್ಸ್ ಎಂಬ ಕಾಲಂ ಮಾಮೂಲಿಯಾಗಿ ಕಾಣಿಸುವುದಿಲ್ಲ, ಸೇರಿಸಿಕೊಳ್ಳಬೇಕು. ಸೇರಿಸಿ ನೋಡಿದೆ: 10,000.

ಒಂದು ಪ್ರೋಗ್ರಾಂ ಹಿಡಿದಿಟ್ಟುಕೊಳ್ಳಬಹುದಾದ ಜಿಡಿಐ ಹ್ಯಾಂಡಲ್‌ಗಳ (ಅಂಥ ವಸ್ತುಗಳನ್ನು ಗುರುತಿಸುವ ಸಂಖ್ಯೆಗಳ) ಮಾಮೂಲಿ ಮಿತಿ ಅದೇ. ಟೈಮರ್ ಮುಚ್ಚಿ ಮತ್ತೆ ತೆರೆದು ಆ ಕಾಲಂ ಮೇಲೆ ಕಣ್ಣಿಟ್ಟು ಕುಳಿತೆ. 41, 42, 43. ಅಂಕಿ ಬದಲಾದಂತೆಲ್ಲ, ಅಂದರೆ ಸೆಕೆಂಡಿಗೊಂದರಂತೆ, ಏರುತ್ತಿತ್ತು. ಲೆಕ್ಕ ಹಾಕಿದರೆ ಹತ್ತು ಸಾವಿರ ಸೆಕೆಂಡ್ ಎಂದರೆ ಸುಮಾರು ಎರಡು ಮುಕ್ಕಾಲು ಗಂಟೆ. ಬೆಳಿಗ್ಗೆಯಿಂದ ಮಧ್ಯಾಹ್ನದ ನಡುವೆ ನಡೆದದ್ದೇನೆಂದು ಆಗ ತಿಳಿಯಿತು. ನಾವು ಕೊಟ್ಟ ಬ್ರಷ್ ಅನ್ನು ವಿಂಡೋಸ್ ಬಳಸಿಕೊಳ್ಳುತ್ತದೆಯೇ ಹೊರತು ಅಳಿಸುವುದಿಲ್ಲ. ನಾನು ಪ್ರತಿ ಸಲವೂ ಹೊಸದನ್ನು ಮಾಡಿ ಕೈಬಿಡುತ್ತಿದ್ದೆ.

ಈಗ ಬ್ರಷ್ ಅನ್ನು ಡೈಲಾಗ್ ಶುರುವಾಗುವಾಗ ಒಮ್ಮೆ ಮಾಡುತ್ತೇನೆ. ಬಳಕೆದಾರ ಬಣ್ಣ ಬದಲಿಸಿದರೆ ಹೊಸದನ್ನು ಮಾಡಿ ಹಳೆಯದನ್ನು ಅಳಿಸುತ್ತೇನೆ. ಡೈಲಾಗ್ ಮುಚ್ಚುವಾಗ ಕೊನೆಯದಕ್ಕೆ ಡಿಲೀಟ್‌ಆಬ್ಜೆಕ್ಟ್. ಸಿಸ್ಟಂ ಬಣ್ಣವೇ ಸಾಕಾಗುವಲ್ಲಿ ಗೆಟ್‌ಸಿಸ್‌ಕಲರ್‌ಬ್ರಷ್ ಬಳಸಿದ್ದೇನೆ. ಅದು ವಿಂಡೋಸ್‌ನದೇ ಬ್ರಷ್ ಆದ್ದರಿಂದ ಅಳಿಸಲು ಹೋಗಬಾರದು.

ಬುಧವಾರ

ಇವತ್ತು ಅಕ್ಷರದ ಗಾತ್ರದ ಸ್ಲೈಡರ್. ಎಳೆದಂತೆಲ್ಲ ಹೊಸ ಫಾಂಟ್ ಹುಟ್ಟುತ್ತದೆ, ಆದ್ದರಿಂದ ಈ ಸಲ ಮೊದಲೇ ಎಚ್ಚರವಾಗಿದ್ದೆ. ಎಚ್ಚರ ಸ್ವಲ್ಪ ಹೆಚ್ಚೇ ಆಯಿತು: ಡಬ್ಲ್ಯುಎಂ_ಸೆಟ್‌ಫಾಂಟ್ ಕಳುಹಿಸಿದ ಮರುಸಾಲಿನಲ್ಲೇ ಫಾಂಟ್ ಅಳಿಸಿದೆ. ಲೇಬಲ್ ತನಗೊಂದು ಪ್ರತಿ ಮಾಡಿಕೊಂಡಿರುತ್ತದೆ ಎಂದು ನಂಬಿದ್ದೆ. ಮುಂದಿನ ಸೆಕೆಂಡಿಗೇ ಅಂಕಿಗಳು ದಪ್ಪನೆಯ, ಅಂಚು ಒರಟಾದ ಹಳೆಯ ಸಿಸ್ಟಂ ಅಕ್ಷರದಲ್ಲಿ ಮೂಡಿದವು. ಲೇಬಲ್ ಇಟ್ಟುಕೊಳ್ಳುವುದು ಹ್ಯಾಂಡಲ್ ಅನ್ನು ಮಾತ್ರ. ಫಾಂಟ್ ನನ್ನದೇ, ಲೇಬಲ್ ಬಳಸುತ್ತಿರುವಷ್ಟು ಕಾಲ ಅದು ಉಳಿದಿರಬೇಕು.

ಸರಿಯಾದ ಕ್ರಮ ಹೀಗಿದೆ: ಹೊಸ ಫಾಂಟ್ ಮಾಡು, ಲೇಬಲ್‌ಗೆ ಕೊಡು, ಆಮೇಲೆ ನಾನು ಹಿಂದೆ ಕೊಟ್ಟಿದ್ದನ್ನು ಅಳಿಸು. ‘ನಾನು ಕೊಟ್ಟಿದ್ದು’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಮೊದಲ ಬದಲಾವಣೆಗೆ ಮುನ್ನ ಡಬ್ಲ್ಯುಎಂ_ಗೆಟ್‌ಫಾಂಟ್ ಕೇಳಿದರೆ ಸಿಗುವುದು ಡೈಲಾಗ್ ತಾನೇ ಮಾಡಿಕೊಂಡ ಫಾಂಟ್. ಅದನ್ನು ಅಳಿಸಿದರೆ ಪಕ್ಕದ ಬಟನ್‌ಗಳ ಅಕ್ಷರವೂ ಹಾಳಾಗುತ್ತದೆ. ಹಾಗಾಗಿ ನನ್ನ ಫಾಂಟ್‌ನ ಹ್ಯಾಂಡಲ್ ಅನ್ನು ಪ್ರತ್ಯೇಕ ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದೇನೆ, ಆರಂಭದಲ್ಲಿ ಅದು ಖಾಲಿ.

ಶುಕ್ರವಾರ

ಸುತ್ತಲಿನ ಪ್ರಗತಿ ವೃತ್ತಕ್ಕೆ ಗೆರೆ ಎಳೆಯುವ ಪೆನ್ ಬೇಕಾಯಿತು. ನನ್ನ ಪೆನ್ ಅನ್ನು ಬಳಕೆಗೆ ಸೇರಿಸಿದಾಗ ಸೆಲೆಕ್ಟ್‌ಆಬ್ಜೆಕ್ಟ್ ಹಿಂದಿರುಗಿಸುವ ಹಳೆಯ ಪೆನ್ ಅನ್ನು ಮರಳಿ ಸೇರಿಸಿದ ಮೇಲೆಯೇ ನನ್ನದನ್ನು ಅಳಿಸುತ್ತೇನೆ. ಇದು ಮೊದಲ ಸಲವೇ ಸರಿಯಾಗಿ ಬಂತು.

ಬ್ರಷ್, ಫಾಂಟ್, ಪೆನ್ ಮೂರನ್ನೂ ಒಂದು ಚಿಕ್ಕ ಕ್ಲಾಸಿನೊಳಗೆ ಹಾಕಿ, ಅಳಿಸುವ ಕೆಲಸವನ್ನು, ಕ್ಲಾಸಿನ ವಸ್ತು ನಾಶವಾಗುವಾಗ ತಾನಾಗಿ ಓಡುವ ಡಿಸ್ಟ್ರಕ್ಟರ್‌ಗೆ ಒಪ್ಪಿಸಿದೆ. ಡೀಬಗ್ ಆವೃತ್ತಿಯಲ್ಲಿ ಗೆಟ್‌ಜಿಯುಐರಿಸೋರ್ಸಸ್ ಕರೆದು, ಜಿಡಿಐ ಎಣಿಕೆಯನ್ನು ವಿಂಡೋದ ಶೀರ್ಷಿಕೆಯಲ್ಲೇ ತೋರಿಸುತ್ತಿದ್ದೇನೆ. ರಾತ್ರಿ ಟೈಮರ್ ಓಡಲು ಬಿಟ್ಟು ಮಲಗಿದೆ.

ಶನಿವಾರ

ಮಲಗುವಾಗ 47. ಈಗಲೂ 47. ಸ್ಲೈಡರ್ ಅನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ಎಳೆದೆ, 48ಕ್ಕೆ ಏರಿ ಅಲ್ಲೇ ನಿಂತಿತು. ಆ ಒಂದು ನನ್ನ ಫಾಂಟ್. ಇನ್ನು ಬೇರೆ ಡಿಪಿಐ (ಇಂಚಿಗಿಷ್ಟು ಚುಕ್ಕೆ ಎಂಬ ಅಳತೆ) ಇರುವ ಪರದೆಗೆ ವಿಂಡೋ ಎಳೆದಾಗ ಬರುವ ಡಬ್ಲ್ಯುಎಂ_ಡಿಪಿಐಚೇಂಜ್ಡ್ ಸಂದೇಶ ಬಾಕಿ ಇದೆ. ಅಲ್ಲಿಯೂ ಫಾಂಟ್ ಹೊಸದಾಗಿ ಮಾಡಬೇಕು.