ಕಾಫಿ ಚೀಲದ ಮೊದಲ ದಾಖಲೆ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿಯು 2019ರಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಉಳಿಯುವ, ಒಮ್ಮೆ ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದ ಲೆಕ್ಕದ ಪುಸ್ತಕ. ಅದೇ ತಂತ್ರಜ್ಞಾನ ಮಲೆನಾಡಿನ ಮರಗಳನ್ನೂ ಉಳಿಸಬಲ್ಲದೇ ಎಂದು ಈಚೆಗೆ ಬಹಳ ಯೋಚಿಸುತ್ತಿದ್ದೇನೆ.

ಹಲಸು, ಅತ್ತಿ, ನಂದಿ ಮರಗಳ ನೆರಳನ್ನು ಕಾಪಾಡಿಕೊಂಡ ತೋಟದ ಬೀಜವೂ, ಅವನ್ನು ಕಡಿದು ಬರಿಯ ಸಿಲ್ವರ್ ಓಕ್ ನೆಟ್ಟ ತೋಟದ ಬೀಜವೂ ಒಂದೇ ರಾಶಿಗೆ ಸೇರಿಬಿಟ್ಟರೆ, ಮರ ಉಳಿಸಿದವರಿಗೆ ಸಲ್ಲಬೇಕಾದ ಹೆಚ್ಚಿನ ಬೆಲೆ ಅಲ್ಲಿಗೇ ಕೈತಪ್ಪುತ್ತದೆ. ತೋಟದ ಅಕ್ಷಾಂಶ-ರೇಖಾಂಶ, ಕೊಯ್ಲಿನ ದಿನ, ಚೀಲದ ತೂಕ ಇವೆಲ್ಲ ಸರಕು ಕೈ ಬದಲಾದಾಗಲೆಲ್ಲ ದಾಖಲಾಗಿ, ಹಿಂದಿನ ದಾಖಲೆಯನ್ನು ಯಾರೂ ಗುಟ್ಟಾಗಿ ತಿದ್ದಲಾಗದಂತಿದ್ದರೆ ಆ ಬೆಲೆ ಕೇಳಲು ಬೆಳೆಗಾರರಿಗೆ ಆಧಾರ ಸಿಗುತ್ತದೆ. 2020ರ ನಂತರ ಕಾಡು ಕಡಿದ ನೆಲದ ಕಾಫಿಯನ್ನು ತಡೆಯುವ ಐರೋಪ್ಯ ಒಕ್ಕೂಟದ 2023ರ ನಿಯಮವೂ ತೋಟದ ಸ್ಥಳವಿವರವನ್ನು ಕೇಳುತ್ತದೆ.

ಬ್ಲಾಕ್‌ಚೈನ್ ಎಂದರೆ ವಿದ್ಯುತ್ ನುಂಗುವ ವ್ಯವಸ್ಥೆ ಎಂಬ ಆಕ್ಷೇಪ ಬಿಟ್‌ಕಾಯಿನ್ ಮಟ್ಟಿಗೆ ನಿಜ. ಆದರೆ 2022ರ ಸೆಪ್ಟೆಂಬರಿನಲ್ಲಿ ವ್ಯವಹಾರಗಳನ್ನು ಖಚಿತಪಡಿಸುವ ವಿಧಾನ ಬದಲಿಸಿದ ಎಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ತನ್ನ ವಿದ್ಯುತ್ ಬಳಕೆಯನ್ನು ಶೇ 99ಕ್ಕಿಂತ ಹೆಚ್ಚು ತಗ್ಗಿಸಿತು.

ನನ್ನ ಆತಂಕವಿರುವುದು ಮೊದಲ ದಾಖಲೆಯ ಬಗ್ಗೆ. ಕಣದಲ್ಲಿ ತಕ್ಕಡಿಯ ಮುಂದೆ ನಿಂತ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಪಕ್ಕದ ತೋಟದ ಚೀಲವನ್ನೂ ಈ ತೋಟದ ಲೆಕ್ಕಕ್ಕೆ ಸೇರಿಸಿ ಬರೆದರೆ, ಆ ಸುಳ್ಳೂ ಅಳಿಸಲಾಗದಂತೆ ಉಳಿದುಬಿಡುತ್ತದೆ. ಆದ್ದರಿಂದ ನಮ್ಮ ನಗರದ ನವೋದ್ಯಮಗಳು ಇಂಥ ದಾಖಲೆಯ ಆ್ಯಪ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ತೋಟಕ್ಕೇ ಹೋಗಿ ಮರ ಎಣಿಸುವ, ಚೀಲ ತೂಗುವ ಸ್ಥಳೀಯರ ಸಂಬಳಕ್ಕೆ ಮೀಸಲಿಡಬೇಕು. ಸಣ್ಣ ಬೆಳೆಗಾರರಿಂದ ಆ ಖರ್ಚನ್ನು ವಸೂಲು ಮಾಡಬಾರದು.